ಆಮೆಗೆ ದಾರಿ ಹೇಳುವ ಮಕ್ಕಳು

ಮೇಷ್ಟ್ರು: ನೇರವಾಗಿ ಕೇಳ್ತೀನಮ್ಮ. ವಿಡಿಯೊ ಗೇಮ್ ಆಡಿಸಿ ಗಣಿತ ಕಲಿಸ್ತೀನಿ ಅಂತೀಯಲ್ಲ, ಆ ಆಟದೊಳಗೆ ಗಣಿತ ಎಲ್ಲಿ ಕೂತಿದೆ?

ಟೀಚರ್: ಒಂದೊಂದು ಆಟದಲ್ಲಿ ಒಂದೊಂದು ಕಡೆ, ಸಾರ್. ಟಕ್ಸ್ ಮ್ಯಾತ್ ಅಂತ ಒಂದು ಉಚಿತ ಆಟ ಇದೆ. ಆಕಾಶದಿಂದ ಧೂಮಕೇತುಗಳು ಬೀಳ್ತಾ ಬರುತ್ತವೆ, ಒಂದೊಂದರ ಮೇಲೂ ಒಂದು ಲೆಕ್ಕ. ಉತ್ತರ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಸಿಡಿದುಹೋಗುತ್ತೆ. ತಡವಾದರೆ ಕೆಳಗೆ ಪೆಂಗ್ವಿನ್‌ಗಳ ಮನೆ ಮೇಲೆ ಬೀಳುತ್ತೆ.

ಮೇಷ್ಟ್ರು: ಮಗ್ಗಿ ಬಾಯಿಪಾಠ ಇರುವ ಮಗು ಗೆಲ್ಲುತ್ತೆ. ಇಲ್ಲದಿರುವ ಮಗು?

ಟೀಚರ್: ನಾನು ಕಣ್ಣಿಟ್ಟಿದ್ದೂ ಅದರ ಮೇಲೇ. ನಾಲ್ಕನೇ ತರಗತಿಯಲ್ಲಿ ಬೆರಳು ಮಡಚಿ ಎಣಿಸುವ ಹುಡುಗನೊಬ್ಬ ಇದ್ದಾನೆ. ಪರದೆ ಮೇಲೆ 8 + 5 ಬಂತು. ಎಂಟನ್ನು ಮನಸ್ಸಲ್ಲಿಟ್ಟುಕೊಂಡು ಒಂಬತ್ತು, ಹತ್ತು, ಹನ್ನೊಂದು ಅಂತ ಬೆರಳು ಮಡಚಿದ. ಹನ್ನೆರಡಕ್ಕೆ ಬರೋ ಹೊತ್ತಿಗೆ ಧೂಮಕೇತು ಬಿದ್ದಾಗಿತ್ತು. ಅವನು ಹಿಡಿದ ದಾರಿ ಸರಿಯಾಗೇ ಇತ್ತು, ಸಾರ್. ಆಟಕ್ಕೆ ಅದು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಅವನು ಎಣಿಸೋದನ್ನೇ ಬಿಟ್ಟು ಕೈಗೆ ಸಿಕ್ಕ ಅಂಕಿ ಒತ್ತೋಕೆ ಶುರು ಮಾಡಿದ.

ಮೇಷ್ಟ್ರು: ನೋಡು, ಕಲಿಯುತ್ತಿದ್ದ ಮಗುವಿಗೆ ಊಹಿಸೋದನ್ನು ಕಲಿಸಿತು.

ಟೀಚರ್: ಹೌದು. ಅದಕ್ಕೇ ಅಂಥ ಆಟಗಳನ್ನು ನಾನು ಹೊಸದನ್ನು ಹೇಳಿಕೊಡೋಕೆ ಬಳಸೋದಿಲ್ಲ. ಮೊದಲೇ ಗೊತ್ತಿರೋದು ನಾಲಿಗೆ ತುದಿಗೆ ಬರಬೇಕು ಅನ್ನುವಾಗ ಮಾತ್ರ. ಅವನನ್ನು ಇನ್ನೊಬ್ಬನ ಜೊತೆ ಕೂರಿಸಿದೆ, ಬೀಳುವ ವೇಗ ತಗ್ಗಿಸಿದೆ. ಇವನು ಎಣಿಸಿ ಹೇಳೋದು, ಅವನು ಒತ್ತೋದು.

ಮೇಷ್ಟ್ರು: ಆ ಆಟದ ತೊಂದರೆ ವೇಗ ಒಂದೇ ಅಲ್ಲ. ಲೆಕ್ಕಕ್ಕೂ ಆಟಕ್ಕೂ ಸಂಬಂಧವೇ ಇಲ್ಲ. 8 + 5 ತೆಗೆದು ಆ ಜಾಗದಲ್ಲಿ ಒಂದು ಇಂಗ್ಲಿಷ್ ಪದ ಹಾಕು, ಆಟ ಹಾಗೇ ನಡೆಯುತ್ತೆ. ಚೌಕಾಬಾರ ತಗೋ. ನಾಲ್ಕು ಕವಡೆ, ಇಪ್ಪತ್ತೈದು ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಮೂರು ಬಿತ್ತು ಅನ್ನು. ಯಾವ ಕಾಯಿ ನಡೆಸಲಿ? ಈ ಕಾಯಿ ಮೂರು ಮನೆ ಹೋದರೆ ಕಟ್ಟೆ ಸೇರುತ್ತೆ, ಆ ಕಾಯಿ ಹೋದರೆ ಎದುರಾಳೀನ ಕಡಿಯಬಹುದು, ಆದರೆ ಹಿಂದಿನಿಂದ ಅವನ ಇನ್ನೊಂದು ಕಾಯಿ ಎರಡು ಮನೆ ದೂರದಲ್ಲಿದೆ. ಮಗು ಇಷ್ಟನ್ನೂ ಒಂದು ಉಸಿರಲ್ಲಿ ಲೆಕ್ಕ ಹಾಕುತ್ತೆ. ಅಲ್ಲಿ ಎಣಿಕೆ ತೆಗೆದರೆ ಆಟವೇ ಇರೋದಿಲ್ಲ.

ಟೀಚರ್: ಸಾರ್, ನಾನು ಒಳ್ಳೆಯ ವಿಡಿಯೊ ಗೇಮ್ ಅಂತ ಕರೆಯೋದೂ ಇದನ್ನೇ. ಕಲಿಯಬೇಕಾದ್ದೇ ಆಟದ ನಡೆ ಆಗಿರಬೇಕು. 1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಟ್ಶ್ ಅಂತ ಒಬ್ಬರು ಶಿಕ್ಷಕ ತರಬೇತಿಯಲ್ಲಿದ್ದರು. ಎಂಟನೇ ತರಗತಿಗೆ ಚರಿತ್ರೆ ಹೇಳಬೇಕಿತ್ತು: ಹತ್ತೊಂಬತ್ತನೇ ಶತಮಾನದಲ್ಲಿ ಮಿಸೌರಿಯಿಂದ ಆರೆಗನ್‌ವರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋದ ವಲಸೆಗಾರರ ಕಥೆ. ಅವರ ಜೊತೆ ವಾಸವಿದ್ದ ಇಬ್ಬರು ಗೆಳೆಯರು, ಬಿಲ್ ಹೈನಮನ್ ಮತ್ತು ಪಾಲ್ ಡಿಲೆನ್‌ಬರ್ಗರ್, ಎರಡೇ ವಾರದಲ್ಲಿ ಅದನ್ನು ಕಂಪ್ಯೂಟರ್ ಆಟ ಮಾಡಿಕೊಟ್ಟರು. ಅದೇ ‘ಆರೆಗನ್ ಟ್ರೇಲ್’. ಪರದೆಯೇ ಇಲ್ಲ. ಟೆಲಿಟೈಪ್ ಯಂತ್ರದಿಂದ ಕಾಗದ ಅಚ್ಚಾಗಿ ಹೊರಬರುತ್ತಿತ್ತು, ಅಷ್ಟೇ. ಕೈಲಿರುವ ದುಡ್ಡಲ್ಲಿ ಎತ್ತಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು, ಮದ್ದುಗುಂಡಿಗೆಷ್ಟು? ಮಕ್ಕಳೇ ತೀರ್ಮಾನಿಸಬೇಕು. ಬಟ್ಟೆಗೆ ಕಡಿಮೆ ಇಟ್ಟರೆ ಬೆಟ್ಟದ ಚಳಿಯಲ್ಲಿ ಕಾಯಿಲೆ. ಮಕ್ಕಳು ತಾವಾಗೇ ಕೆಲಸ ಹಂಚಿಕೊಂಡರಂತೆ. ಬೇಟೆ ಬಂದಾಗ ಒಂದು ಪದವನ್ನು ಬೇಗ ಟೈಪ್ ಮಾಡಬೇಕಿತ್ತು, ಅದಕ್ಕೆ ಬೆರಳು ಚುರುಕಾಗಿರುವವರು. ನಕ್ಷೆ ನೋಡೋಕೆ ಒಬ್ಬರು, ಖರ್ಚಿನ ಲೆಕ್ಕಕ್ಕೆ ಒಬ್ಬರು. ಮುಂದೆ 1974ರಲ್ಲಿ ರಾವಿಟ್ಶ್ ಅದನ್ನು ಮಿನ್ನೆಸೋಟಾ ರಾಜ್ಯದ ಶೈಕ್ಷಣಿಕ ಕಂಪ್ಯೂಟರ್ ಸಂಸ್ಥೆಗೆ ತಂದರು. ಪ್ರಾಥಮಿಕ ಶಾಲೆಗಳಿಗೂ ಹಬ್ಬಿದ್ದು ಅಲ್ಲಿಂದ.

ಮೇಷ್ಟ್ರು: ಆ ಗಾಡಿಗಳು ಹೋದ ನೆಲ ಯಾರದ್ದು?

ಟೀಚರ್: ಅಲ್ಲಿನ ಮೂಲನಿವಾಸಿಗಳದ್ದು.

ಮೇಷ್ಟ್ರು: ಅವರ ಕಡೆಯಿಂದ ಆಡೋಕೆ ಆಗುತ್ತಿತ್ತಾ?

ಟೀಚರ್: ಇಲ್ಲ. ಎಷ್ಟೋ ವರ್ಷ ಅಲ್ಲಿನ ಮಕ್ಕಳು ಗಾಡಿಯ ಮೇಲೆ ಕೂತೇ ಆ ಚರಿತ್ರೆ ನೋಡಿದರು. 2021ರಲ್ಲಿ ಬಂದ ಹೊಸ ಆವೃತ್ತಿಗೆ ಮೂಲನಿವಾಸಿ ಸಮುದಾಯದ ಇತಿಹಾಸಕಾರರನ್ನು ಸೇರಿಸಿಕೊಂಡರು.

ಮೇಷ್ಟ್ರು: ಐವತ್ತು ವರ್ಷ ಆಯ್ತು. ಪಠ್ಯಪುಸ್ತಕದಲ್ಲಿ ತಪ್ಪಿದ್ದರೆ ಮಗು ಬೆರಳಿಟ್ಟು ತೋರಿಸಬಹುದು. ಆಟದ ನಿಯಮದೊಳಗೆ ಅಡಗಿರುವುದು ಕಣ್ಣಿಗೇ ಬೀಳೋದಿಲ್ಲ, ಗೆಲ್ಲಬೇಕಾದರೆ ಒಪ್ಪಿಕೊಳ್ಳಲೇಬೇಕು. ನನಗೆ ಭಯ ಇರೋದು ಅಲ್ಲಿ. ಮಗು ಆಡುವ ಆಟದ ನಿಯಮವನ್ನು ಯಾರೋ ಎಲ್ಲೋ ಕೂತು ಬರೆದಿರ್ತಾರೆ.

ಟೀಚರ್: ಆ ಭಯಕ್ಕೆ ನನ್ನ ಹತ್ತಿರ ಇರುವ ಉತ್ತರ ಒಂದೇ, ಸಾರ್. ನಿಯಮವನ್ನು ಮಗುವೇ ಬರೆಯಲಿ. 1967ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ವಾಲಿ ಫೊಯರ್‌ಝೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಸೇರಿ ಮಕ್ಕಳಿಗಾಗಿ ಲೋಗೊ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಪ್ಯಾಪರ್ಟ್ ಅದಕ್ಕೂ ಮೊದಲು ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆ ಜೊತೆ ಕೆಲಸ ಮಾಡಿದ್ದವರು.

ಮೇಷ್ಟ್ರು: ಪಿಯಾಜೆ ಬಗ್ಗೆ ಟಿ.ಸಿ.ಎಚ್. ಶಿಕ್ಷಕ ತರಬೇತಿಯ ಪರೀಕ್ಷೆಯಲ್ಲಿ ಬರೆದಿದ್ದೀನಿ. ಮುಂದೆ ಹೇಳು.

ಟೀಚರ್: ಲೋಗೊದಲ್ಲಿ ಒಂದು ಆಮೆ. ಶುರುವಿನಲ್ಲಿ ಅದು ನೆಲದ ಮೇಲೆ ಪೆನ್ನು ಎಳೆದುಕೊಂಡು ಓಡಾಡುವ ರೋಬಾಟ್ ಆಗಿತ್ತು, ಆಮೇಲೆ ಪರದೆಯೊಳಗೆ ಬಂತು. ನಮ್ಮ ಲ್ಯಾಬಿನಲ್ಲಿರುವ ಕೆ-ಟರ್ಟಲ್ ಅದೇ ವಂಶದ್ದು, ಉಚಿತ ತಂತ್ರಾಂಶ. ಫಾರ್ವರ್ಡ್ 100 ಅಂದರೆ ಆಮೆ ಮುಂದೆ ಹೋಗಿ ಗೆರೆ ಎಳೆಯುತ್ತೆ, ಟರ್ನ್‌ರೈಟ್ 90 ಅಂದರೆ ಬಲಕ್ಕೆ ತಿರುಗುತ್ತೆ. ರಿಪೀಟ್ 4 ಅಂತ ಸೇರಿಸಿದರೆ ಚೌಕ. ಐದನೇ ತರಗತಿ ಮಕ್ಕಳು ಚೌಕವನ್ನು ಬೇಗ ಬರೆದರು. ಆಮೇಲೆ ಸಮಬಾಹು ತ್ರಿಭುಜ ಬರೀರಿ ಅಂದೆ.

ಮೇಷ್ಟ್ರು: ಮೂಲೆಯಲ್ಲಿ ಅರವತ್ತು ಡಿಗ್ರಿ.

ಟೀಚರ್: ಎಲ್ಲರೂ ಅರವತ್ತನ್ನೇ ಹಾಕಿದರು. ತ್ರಿಭುಜ ಬರಲಿಲ್ಲ. ಮೂರು ಗೆರೆ ಕಮಾನಿನಂತೆ ಬಾಗಿ ಅರ್ಧಕ್ಕೇ ನಿಂತವು, ಬಾಯಿ ತೆರೆದುಕೊಂಡು. ಕಂಪ್ಯೂಟರ್ ಕೆಟ್ಟಿದೆ ಮಿಸ್ ಅಂದರು. ನಾನು ಉತ್ತರ ಹೇಳಲಿಲ್ಲ, ಜಗಲಿಗೆ ಕರೆದುಕೊಂಡು ಹೋದೆ. ಸೀಮೆಸುಣ್ಣದಲ್ಲಿ ದೊಡ್ಡ ತ್ರಿಭುಜ ಬರೆದು, ಒಬ್ಬಳು ಆಮೆ ಆಗು, ಗೆರೆ ಮೇಲೇ ನಡಿ ಅಂದೆ. ನಡೆದಳು. ಮೂಲೆಗೆ ಬಂದಳು, ನಿಂತಳು. ಈಗ ಎಷ್ಟು ತಿರುಗಬೇಕು? ಅವಳು ಕೈ ಮುಂದಕ್ಕೆ ಚಾಚಿ, ಮುಂದಿನ ಗೆರೆ ಕಡೆಗೆ ನಿಧಾನಕ್ಕೆ ತಿರುಗಿದಳು. ತಿರುಗುತ್ತಾ ತಿರುಗುತ್ತಾ, ಅಯ್ಯೋ, ಇದು ಚೌಕಕ್ಕಿಂತ ಜಾಸ್ತಿ ತಿರುಗಬೇಕು ಮಿಸ್ ಅಂದಳು. ತೊಂಬತ್ತಕ್ಕಿಂತ ಜಾಸ್ತಿ. ಅಷ್ಟು ಹೊತ್ತಿಗೆ ಇನ್ನೊಬ್ಬ ಕೂಗಿದ: ಒಳಗಿನ ಮೂಲೆ ಅರವತ್ತು, ನಾವು ತಿರುಗೋದು ಹೊರಗಡೆಗೆ, ನೂರೆಂಬತ್ತರಲ್ಲಿ ಅರವತ್ತು ಕಳೀಬೇಕು!

ಮೇಷ್ಟ್ರು: ಬಹಿರ್ಕೋನ. ಐದನೇ ತರಗತಿಯಲ್ಲಿ.

ಟೀಚರ್: ಹೆಸರು ಅವರಿಗೆ ಗೊತ್ತಿಲ್ಲ. 120 ಹಾಕಿದರು, ತ್ರಿಭುಜ ಮುಚ್ಚಿಕೊಂಡಿತು. ಮೂಲೆಯಲ್ಲಿ ಕೂತಿದ್ದ ಒಬ್ಬಳು ಮಾತ್ರ ಹಳೇ ಅರವತ್ತನ್ನು ಬದಲಾಯಿಸಿರಲಿಲ್ಲ. ಅವಳು ರಿಪೀಟ್ ಮುಂದಿನ ಮೂರನ್ನು ಆರು ಮಾಡಿದ್ದಳು. ಅರ್ಧಕ್ಕೆ ನಿಂತಿದ್ದು ಸುತ್ತಿ ಬಂದು ಷಟ್ಕೋನ ಆಗಿತ್ತು. ಅಲ್ಲಿಂದ ಪಾಠ ನನ್ನ ಕೈ ತಪ್ಪಿತು, ಸಾರ್. ಮೂರು ಸಲ 120, ನಾಲ್ಕು ಸಲ 90, ಆರು ಸಲ 60. ಯಾವುದನ್ನು ಗುಣಿಸಿದರೂ 360. ಹಾಗಾದರೆ ಏಳು ಮೂಲೆಯದು? 51 ಹಾಕಿ ನೋಡಿದರು, ಕೊನೆಯಲ್ಲಿ ಸಣ್ಣ ಸಂದಿ ಉಳಿಯಿತು. 52 ಹಾಕಿದರೆ ಗೆರೆ ಜಾರಿ ಆಚೆ ಹೋಯಿತು. 51ಕ್ಕೂ 52ಕ್ಕೂ ನಡುವೆ ಏನಾದರೂ ಇದೆಯಾ ಮಿಸ್ ಅಂತ ಕೇಳಿದರು. ದಶಮಾಂಶವನ್ನು ಮಕ್ಕಳೇ ಬೇಕು ಅಂತ ಕೇಳಿ ಪಡೆದದ್ದನ್ನು ನಾನು ಬೇರೆ ಯಾವ ಪಾಠದಲ್ಲೂ ನೋಡಿಲ್ಲ.

ಮೇಷ್ಟ್ರು: ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಆದರೆ ಒಂದು ವಿಷಯ ನೀನೇ ಹೇಳಿಬಿಟ್ಟೆ. ಆ ಹುಡುಗಿಗೆ ಅರ್ಥವಾಗಿದ್ದು ಜಗಲಿ ಮೇಲೆ, ಕಾಲಿನಿಂದ. ಕಂಪ್ಯೂಟರ್ ಇಲ್ಲದೆಯೂ ಆಗುತ್ತಿತ್ತು.

ಟೀಚರ್: ಜಗಲಿಗೆ ಹೋಗುವ ಅಗತ್ಯ ಹುಟ್ಟಿಸಿದ್ದು ಯಂತ್ರ, ಸಾರ್. ನಾನು ಬೋರ್ಡಿನ ಮೇಲೆ ಬರೆದಿದ್ದರೆ ಅರವತ್ತು ಡಿಗ್ರಿ ಅಂತಲೇ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಆಮೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತೆ. ತಪ್ಪು ಅಂತ ಬಯ್ಯೋದಿಲ್ಲ, ಕೆಂಪು ಇಂಕಿನ ಗುರುತು ಹಾಕೋದಿಲ್ಲ. ನೀನು ಹೇಳಿದ್ದು ಇದು, ಆದದ್ದು ಇದು ಅಂತ ತೋರಿಸಿ ಕಾಯ್ತಾ ಕೂರುತ್ತೆ. ನಾನು ನಲವತ್ತು ಮಕ್ಕಳ ಪಕ್ಕದಲ್ಲೂ ಹಾಗೆ ಕಾಯ್ತಾ ಕೂರೋಕಾಗೋದಿಲ್ಲ.

ಮೇಷ್ಟ್ರು: ಪ್ರೋಗ್ರಾಮ್ ಬರೆದ ಮಗು ಎಲ್ಲ ಕೆಲಸದಲ್ಲೂ ಜಾಣ ಆಗುತ್ತೆ ಅಂತ ತರಬೇತಿಗಳಲ್ಲಿ ಹೇಳ್ತಾರಲ್ಲ, ಅದು?

ಟೀಚರ್: ಅದನ್ನು ನಾನು ನಂಬೋದಿಲ್ಲ. 1984ರಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ, ಮಿಡಿಯನ್ ಕರ್ಲಂಡ್ ಇದನ್ನು ಪರೀಕ್ಷಿಸಿದರು. ವರ್ಷವಿಡೀ ಲೋಗೊ ಕಲಿತ ಮಕ್ಕಳಿಗೂ ಕಲಿಯದವರಿಗೂ ಒಂದು ಕೆಲಸ ಕೊಟ್ಟರು. ತರಗತಿ ಚೊಕ್ಕ ಮಾಡಬೇಕು, ಬೋರ್ಡ್ ಒರೆಸಬೇಕು, ಗಿಡಕ್ಕೆ ನೀರು ಹಾಕಬೇಕು. ಕಡಿಮೆ ಓಡಾಟದಲ್ಲಿ ಮುಗಿಯುವ ಹಾಗೆ ಯೋಜನೆ ಹಾಕಿ. ಎರಡೂ ಗುಂಪು ಒಂದೇ. ಲೋಗೊ ಕಲಿತಿದ್ದು ಆ ಕೆಲಸಕ್ಕೆ ತಾನಾಗೇ ಬಂದು ಸೇರಲಿಲ್ಲ. ಆಮೆಯಿಂದ ಕೋನ ಕಲಿತರೆ ನನಗೆ ಅಷ್ಟೇ ಸಾಕು.

ಮೇಷ್ಟ್ರು: ನೀನು ಹೀಗೆ ಹೇಳಿದ್ದು ಒಳ್ಳೇದಾಯ್ತು. ಕಂಪ್ಯೂಟರ್ ಬಂದಾಗಲೆಲ್ಲ ದೊಡ್ಡ ಮಾತು ಜೊತೆಗೇ ಬಂದಿದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2000ದ ದಶಕದಲ್ಲಿ ಆಟದ ರೂಪದ ಪಾಠಗಳ ಸಿ.ಡಿ.ಗಳನ್ನು ಕನ್ನಡವೂ ಸೇರಿ ಹಲವು ಭಾಷೆಯಲ್ಲಿ ಮಾಡಿಸಿ ಸಾವಿರಾರು ಸರ್ಕಾರಿ ಶಾಲೆಗಳಿಗೆ ಮುಟ್ಟಿಸಿತು. ಮಕ್ಕಳು ಖುಷಿಪಟ್ಟರು. ಆದರೆ 2010ರ ಹೊತ್ತಿಗೆ ಅದರ ಮಿತಿ ಏನು ಅಂತ ಅವರೇ ಬಹಿರಂಗವಾಗಿ ಬರೆದರು, ಶಿಕ್ಷಕರ ಜೊತೆ ಮಾಡುವ ಕೆಲಸದ ಕಡೆ ಹೆಚ್ಚು ತಿರುಗಿದರು. ಹಾಗೆ ಬಾಯಿಬಿಟ್ಟು ಹೇಳೋಕೆ ದೊಡ್ಡ ಮನಸ್ಸು ಬೇಕು.

ಟೀಚರ್: ಗುಜರಾತಿನ ಎರಡು ಅಧ್ಯಯನ ಪಕ್ಕಪಕ್ಕ ಇಟ್ಟರೆ ಆ ಮಿತಿಗೆ ಕಾರಣ ಇನ್ನೂ ಸ್ಪಷ್ಟವಾಗುತ್ತೆ. ವಡೋದರಾದ ನಗರಪಾಲಿಕೆ ಶಾಲೆಗಳಿಗೆ ರಾಜ್ಯ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಪ್ರಥಮ್ ಸಂಸ್ಥೆ ಅವುಗಳಲ್ಲಿ ನಾಲ್ಕನೇ ತರಗತಿ ಮಕ್ಕಳಿಗೆ ಗಣಿತದ ಆಟ ಆಡಿಸಿತು. ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡನೇ ವರ್ಷದಲ್ಲಿ ಗಣಿತದ ಅಂಕ 0.47 ಮಾನಕ ವಿಚಲನೆಯಷ್ಟು ಏರಿತ್ತು. ನೂರು ಮಕ್ಕಳ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತ ಮಗು ಸುಮಾರು ಹದಿನೆಂಟು ಮಕ್ಕಳನ್ನು ದಾಟಿ ಮುಂದೆ ಹೋದ ಹಾಗೆ.

ಮೇಷ್ಟ್ರು: ಅದು ದೊಡ್ಡದೇ. ಉಳಿಯಿತಾ?

ಟೀಚರ್: ಕಾರ್ಯಕ್ರಮ ನಿಂತ ಮೇಲೆ ಬಹುಪಾಲು ಕರಗಿತು. ಅದೂ ಅದೇ ವರದಿಯಲ್ಲಿದೆ. ಇನ್ನೊಂದು ಅಧ್ಯಯನ ಲೀ ಲಿಂಡನ್ ಅವರದು, ಗ್ಯಾನ್ ಶಾಲಾ ಸಂಸ್ಥೆಯ ತರಗತಿಗಳಲ್ಲಿ, ಎರಡನೇ ಮೂರನೇ ತರಗತಿಯ ಮಕ್ಕಳ ಮೇಲೆ. ಅಲ್ಲಿ ಕೆಲವು ಮಕ್ಕಳಿಗೆ ಕಂಪ್ಯೂಟರ್ ಆಟ ಟೀಚರ್ ಪಾಠದ ಅವಧಿಯಲ್ಲಿ, ಪಾಠದ ಬದಲಿಗೆ. ಇನ್ನು ಕೆಲವರಿಗೆ ಶಾಲೆ ಅವಧಿಯ ಆಚೆ, ಪಾಠದ ಜೊತೆಗೆ. ಪಾಠದ ಬದಲಿಗೆ ಆಡಿದ ಮಕ್ಕಳು ಕಂಪ್ಯೂಟರೇ ಇಲ್ಲದವರಿಗಿಂತ ಹಿಂದೆ ಬಿದ್ದರು. ಜೊತೆಗೆ ಆಡಿದವರು ಮುಂದೆ ಬಂದರು, ಅವರಲ್ಲೂ ಹೆಚ್ಚು ಗಳಿಸಿದ್ದು ಕಲಿಕೆಯಲ್ಲಿ ಹಿಂದಿದ್ದ ಮಕ್ಕಳು. ತಂತ್ರಾಂಶ ಒಂದೇ, ಸಾರ್.

ಮೇಷ್ಟ್ರು: ಗ್ಯಾನ್ ಶಾಲಾದವರು ಪಾಠ ಚೆನ್ನಾಗಿ ಮಾಡುವವರು ಅಂತ ಕೇಳಿದ್ದೀನಿ. ಒಳ್ಳೆಯ ಪಾಠ ಕಿತ್ತುಕೊಂಡು ಸಾಧಾರಣ ಆಟ ಕೊಟ್ಟರೆ ನಷ್ಟ ಆಗದೆ ಇನ್ನೇನು? ಈಗ ಹೇಳು, ನಿನ್ನ ಶಾಲೆಯಲ್ಲಿ ಲ್ಯಾಬಿನ ಅವಧಿ ಯಾವುದನ್ನು ತಿಂದು ಹುಟ್ಟಿದೆ?

ಟೀಚರ್: ವೇಳಾಪಟ್ಟಿಯಲ್ಲಿ ಗಣಿತದ ಅವಧಿಯಿಂದ ತೆಗೆದುಕೊಳ್ಳಿ ಅಂತ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಗಣಿತದ ಅವಧಿ ಹಾಗೇ ಇದೆ. ಲ್ಯಾಬಿಗೆ ದಿನದ ಕೊನೆಯ ಅವಧಿ, ವಾರಕ್ಕೆ ಎರಡು ಸಲ.

ಮೇಷ್ಟ್ರು: ಅದನ್ನು ಬಿಟ್ಟುಕೊಡಬೇಡ. ಯಾರು ಹೇಳಿದರೂ ಬಿಟ್ಟುಕೊಡಬೇಡ.

ಟೀಚರ್: ನೀವು ನಲಿ-ಕಲಿ ಪದ್ಧತಿ ಶುರುವಾದಾಗ ಹೆಗ್ಗಡದೇವನಕೋಟೆಯಲ್ಲೇ ಇದ್ದಿರಲ್ಲ ಸಾರ್. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಕಾಣುತ್ತೆ ನಿಮಗೆ?

ಮೇಷ್ಟ್ರು: 1995. ಶಿಕ್ಷಕರು ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಕೂತು, ತಾವೇ ಕಾರ್ಡು ಬರೆದರು. ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೀನಿ ಅಂತ ತಾನೇ ನೋಡಿಕೊಂಡು, ಅದರ ಕಾರ್ಡು ತಾನೇ ತಗೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತೆ. ಒಂದು ವಾರ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಸುತ್ತೆ. ಪಾಠ ಮುಂದೆ ಓಡಿಹೋಯಿತು ಅಂತ ಅಳಬೇಕಾಗಿಲ್ಲ. ನೀವು ಲೆವೆಲ್ ಅಂತೀರಲ್ಲ, ಅದು ಗೋಡೆ ಮೇಲೆ ಇತ್ತು. ವ್ಯತ್ಯಾಸ ಕೇಳಿದೆಯಲ್ಲ? ಆ ಏಣಿಯನ್ನು ಕಟ್ಟಿದವರು ಆ ತರಗತಿಯಲ್ಲೇ ನಿಂತು ಪಾಠ ಮಾಡುವವರು. ಮಗು ಎಲ್ಲಿ ಎಡವುತ್ತೆ ಅಂತ ಅವರಿಗೆ ಗೊತ್ತಿತ್ತು. ಇನ್ನೊಂದು, ಒಂದು ಎರಡು ಮೂರನೇ ತರಗತಿಯವರು ಒಂದೇ ಕೋಣೆ. ಮೂರನೆಯವನು ಒಂದನೆಯವನಿಗೆ ಹೇಳಿಕೊಡ್ತಾನೆ. ಹೇಳಿಕೊಡುವಾಗ ತನಗೆ ಪೂರ್ತಿ ಗೊತ್ತಿಲ್ಲ ಅಂತ ಅವನಿಗೇ ಗೊತ್ತಾಗುತ್ತೆ, ಓಡಿಬಂದು ನನ್ನನ್ನು ಕೇಳ್ತಾನೆ. ಎಷ್ಟೋ ಕಲಿಕೆ ಆ ಓಡಿಬರುವುದರಲ್ಲೇ ಆಗುತ್ತಿತ್ತು.

ಟೀಚರ್: ನಾನು ಈ ವರ್ಷ ಮಾಡಬೇಕು ಅಂದುಕೊಂಡಿರೋದು ಅಲ್ಲಿಗೇ ಬಂದು ನಿಲ್ಲುತ್ತೆ, ಸಾರ್. 1980ರ ದಶಕದಲ್ಲಿ ಇಡಿಟ್ ಹರೇಲ್ ಅನ್ನುವ ಸಂಶೋಧಕಿ ಬಾಸ್ಟನ್ನಿನ ಹೆನಿಗನ್ ಶಾಲೆಯಲ್ಲಿ ಒಂದು ಕೆಲಸ ಮಾಡಿದರು. ಪ್ಯಾಪರ್ಟ್ ಶಿಷ್ಯೆ. ನಾಲ್ಕನೇ ತರಗತಿಯ 17 ಮಕ್ಕಳಿಗೆ ಹೇಳಿದರು: ಭಿನ್ನರಾಶಿ ಕಲಿಸುವ ಒಂದು ತಂತ್ರಾಂಶ ಮಾಡಿ, ಮೂರನೇ ತರಗತಿಯವರಿಗಾಗಿ. ಏನು ಮಾಡಬೇಕು, ಹೇಗೆ ಮಾಡಬೇಕು ಎಲ್ಲ ನಿಮ್ಮದೇ. ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್. ಲ್ಯಾಬಿಗೆ ಹೋಗುವ ಮುಂಚೆ ಇವತ್ತು ಏನು ಮಾಡ್ತೀನಿ ಅಂತ, ಬಂದ ಮೇಲೆ ಏನಾಯ್ತು ಅಂತ ಬರೀಬೇಕು. ಒಬ್ಬ ಹುಡುಗಿ ಮನೆಯ ಚಿತ್ರ ಬರೆದು ಅದರಲ್ಲೆಲ್ಲ ಅರ್ಧಗಳನ್ನು ತೋರಿಸಿದಳು. ಭಿನ್ನರಾಶಿ ಅಂದರೆ ಪುಸ್ತಕದ ದುಂಡಗಿನ ರೊಟ್ಟಿ ಒಂದೇ ಅಲ್ಲ, ಎಲ್ಲ ಕಡೆ ಇದೆ ಅಂತ ಅವಳಿಗೆ ಹೊಳೆದಿತ್ತು. ಕೊನೆಯಲ್ಲಿ ಪರೀಕ್ಷೆ ಕೊಟ್ಟಾಗ, ಎಂದಿನಂತೆ ಪಾಠ ಕೇಳಿದ ತರಗತಿಗಳಿಗಿಂತ ಈ ಮಕ್ಕಳು ಭಿನ್ನರಾಶಿಯಲ್ಲೂ ಪ್ರೋಗ್ರಾಮಿಂಗ್‌ನಲ್ಲೂ ಮುಂದಿದ್ದರು.

ಮೇಷ್ಟ್ರು: ಎದುರಿಗೆ ಒಂದು ಚಿಕ್ಕ ಮಗುವಿನ ಮುಖ ಇಟ್ಟುಕೊಂಡು ಕೆಲಸ ಮಾಡಿದರು.

ಟೀಚರ್: ಅದೇ ನನಗೆ ಮುಖ್ಯ ಅನ್ನಿಸಿದ್ದು. ಗೆಲ್ಲಬೇಕು ಅಂತ ಆಡುವ ಮಗು ಒಂದು ಅಡ್ಡದಾರಿ ಸಿಕ್ಕರೆ ಅಲ್ಲೇ ನುಗ್ಗುತ್ತೆ. ಇನ್ನೊಬ್ಬರಿಗೆ ಅರ್ಥವಾಗಬೇಕು ಅಂತ ಕಟ್ಟುವ ಮಗು ಅಡ್ಡದಾರಿಗಳನ್ನೆಲ್ಲ ಮುಚ್ಚುತ್ತಾ ಹೋಗಬೇಕು. ಹಾಗೆ ಮುಚ್ಚಬೇಕಾದರೆ ವಿಷಯ ಗೊತ್ತಿರಲೇಬೇಕು.

ಮೇಷ್ಟ್ರು: ಯಾವುದರಲ್ಲಿ ಮಾಡಿಸ್ತೀಯ? ಆಮೆಯಲ್ಲೇ?

ಟೀಚರ್: ಸ್ಕ್ರ್ಯಾಚ್‌ನಲ್ಲಿ. ಎಂ.ಐ.ಟಿ. ಮೀಡಿಯಾ ಲ್ಯಾಬಿನ ಮಿಚೆಲ್ ರೆಸ್ನಿಕ್ ತಂಡ 2007ರಲ್ಲಿ ಬಿಟ್ಟಿದ್ದು. ಟೈಪ್ ಮಾಡೋದು ಕಡಿಮೆ, ಬಣ್ಣಬಣ್ಣದ ಬ್ಲಾಕುಗಳನ್ನು ಎಳೆದು ಒಂದಕ್ಕೊಂದು ಜೋಡಿಸಿದರೆ ಆಯ್ತು. ಮಕ್ಕಳ ದನಿಯನ್ನೇ ರೆಕಾರ್ಡ್ ಮಾಡಿ ಸೇರಿಸಬಹುದು. ಅಂಗಡಿ ಆಟ ಮಾಡ್ತೀವಿ ಅಂತ ಒಂದು ಗುಂಪು ಈಗಲೇ ಹೇಳಿದೆ. ಕಾಲು ಕೆ.ಜಿ. ಬೇಳೆ, ಅರ್ಧ ಲೀಟರ್ ಎಣ್ಣೆ. ಅಂಗಡಿಯವಳ ದನಿಗೆ ಅವರಲ್ಲೊಬ್ಬಳ ಅಮ್ಮನನ್ನೇ ಕರೆತರ್ತಾರಂತೆ.

ಮೇಷ್ಟ್ರು: ಅಮ್ಮಂದಿರ ಮಾತು ಬಂತಲ್ಲ, ಅದನ್ನೂ ಕೇಳಿಬಿಡ್ತೀನಿ. ಮನೆಯಲ್ಲಿ ಫೋನು ಬಿಡಲ್ಲ, ಶಾಲೆಯಲ್ಲೂ ಆಟವಾ ಅಂತ ಜಗಳಕ್ಕೆ ಬರಲಿಲ್ಲವಾ?

ಟೀಚರ್: ಬಂದರು. ಕೊರೊನಾ ಕಾಲದಲ್ಲಿ ಪಾಠಕ್ಕೆ ಅಂತ ಕೈಗೆ ಬಂದ ಫೋನು ವಾಪಸ್ ಹೋಗಿಲ್ಲ, ಅವರ ಸಿಟ್ಟು ನ್ಯಾಯವಾದದ್ದೇ. ಮನೆಯಲ್ಲಿ ಮಕ್ಕಳು ಆಡುವ ಆಟಗಳು ಮುಗಿಯುವ ಹಾಗೆ ಮಾಡಿದ್ದಲ್ಲ. ಜಾಹೀರಾತು ನೋಡು, ಇನ್ನೊಂದು ಜೀವ ತಗೋ, ನಾಳೆ ಬರದಿದ್ದರೆ ಬಹುಮಾನ ಹೋಗುತ್ತೆ. ಮಗುವನ್ನು ಹಿಡಿದಿಟ್ಟುಕೊಳ್ಳುವುದೇ ಅವುಗಳ ಕೆಲಸ. ನನ್ನ ಲ್ಯಾಬಿಗೆ ಅಂಥ ಆಟ ಒಂದನ್ನೂ ಬಿಡೋದಿಲ್ಲ. ತಾಯಂದಿರನ್ನು ಒಂದು ದಿನ ಕರೆದು, ಮಕ್ಕಳ ಪಕ್ಕದಲ್ಲಿ ಕೂರಿಸಿ, ಆಮೆಗೆ ನೀವೂ ದಾರಿ ಹೇಳಿ ಅಂದೆ. ರಂಗೋಲಿ ಬರುತ್ತಾ ಇದರಲ್ಲಿ ಅಂತ ಕೇಳಿದರು. ಎಂಟು ದಳದ ಹೂವು ಬರೆಸೋಕೆ ತಾಯಿ, ಮಗಳು ಇಬ್ಬರೂ ಸೇರಿ 360ನ್ನು ಎಂಟರಿಂದ ಭಾಗಿಸಿದರು. ಫೋನಿನ ಬಗ್ಗೆ ಜಗಳ ಮುಗಿದಿಲ್ಲ, ಆದರೆ ಎರಡೂ ಬೇರೆ ಬೇರೆ ಅಂತ ಅವರಿಗೆ ಗೊತ್ತಾಗಿದೆ.

ಮೇಷ್ಟ್ರು: ಕರೆಂಟ್?

ಟೀಚರ್: ಹೋದರೆ ಜಗಲಿಗೆ ಹೋಗ್ತೀವಿ. ಆಟದ ನಕ್ಷೆಯನ್ನು ಕಾಗದದ ಮೇಲೆ ಬರೆಯೋದು, ಯಾವ ಪ್ರಶ್ನೆಗೆ ಯಾವ ತಪ್ಪು ಉತ್ತರ ಬರಬಹುದು ಅಂತ ಪಟ್ಟಿ ಮಾಡೋದು, ಅದಕ್ಕೆಲ್ಲ ಕರೆಂಟ್ ಬೇಡ. ನಿಜ ಹೇಳಬೇಕೆಂದರೆ ಆ ಪಟ್ಟಿ ಮಾಡುವಾಗಲೇ ಹೆಚ್ಚು ಮಾತುಕತೆ ಆಗೋದು. ಮೂರನೇ ತರಗತಿಯವರು ಕಾಲನ್ನು ಅರ್ಧಕ್ಕಿಂತ ದೊಡ್ಡದು ಅಂದುಕೊಳ್ತಾರೆ ಮಿಸ್ ಅಂದ ಒಬ್ಬ. ಯಾಕೆ ಅಂದೆ. ನಾಲ್ಕು ಎರಡಕ್ಕಿಂತ ದೊಡ್ಡದಲ್ವಾ, ನಾನೂ ಹಾಗೇ ಅಂದುಕೊಂಡಿದ್ದೆ ಅಂದ.

ಮೇಷ್ಟ್ರು: ಆ ಹುಡುಗನನ್ನು ಎಲ್ಲ ಗುಂಪಿಗೂ ಒಂದೊಂದು ಸಲ ಕಳಿಸು. ಮಾಡಿದ್ದನ್ನು ಮೂರನೇ ತರಗತಿಯವರು ಯಾವಾಗ ಆಡೋದು?

ಟೀಚರ್: ದಸರಾ ರಜೆಗೆ ಮುಂಚೆ ಒಂದು ಸಲ, ಅರ್ಧಂಬರ್ಧ ಆಗಿರುವಾಗಲೇ. ಮಾಡಿದವರು ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನೋಡಬೇಕು, ಚಿಕ್ಕವರು ಎಲ್ಲಿ ತಡವರಿಸ್ತಾರೆ ಅಂತ ಬರೆದುಕೊಳ್ಳಬೇಕು. ರಜೆ ಆದಮೇಲೆ ತಿದ್ದೋದು. ಆ ದಿನ ನೀವೂ ಬನ್ನಿ ಸಾರ್. ಒಂದೊಂದು ಗುಂಪೂ ತಾನು ಹಾಕಿದ ನಿಯಮ ಯಾಕೆ ಹಾಗಿದೆ ಅಂತ ನಿಮಗೆ ಹೇಳಲಿ.

ಮೇಷ್ಟ್ರು: ಬರ್ತೀನಿ. ಆದರೆ ನಾನು ಮಾಡಿದವರ ಪಕ್ಕ ನಿಲ್ಲೋದಿಲ್ಲ, ಮೂರನೇ ತರಗತಿಯವರ ಜೊತೆ ಕೂರ್ತೀನಿ. ನನಗೂ ಆ ಆಟ ಗೊತ್ತಿಲ್ಲವಲ್ಲ. ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು?

ಟೀಚರ್: ನನ್ನನ್ನಂತೂ ಅಲ್ಲ. ಮಾಡಿದವರನ್ನೇ ಕೇಳಿ.